ಪೀಣ್ಯದ ಸದ್ದಿನ ನಡುವೆ ಕಂಡೆನ್ಸರ್ ಮೈಕ್ ಆಯ್ಕೆ

ಕನ್ನಡ ಚಿತ್ರಗೀತೆಗಳ ಧ್ವನಿಮುದ್ರಣಕ್ಕೆ ಮದರಾಸಿಗೆ ಹೋಗಬೇಕಿದ್ದ ಕಾಲವೊಂದಿತ್ತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದ್ದು ಈಗ ಇತಿಹಾಸ. ಇಂದು ವೈಟ್‌ಫೀಲ್ಡಿನ ಫ್ಲಾಟಿನಲ್ಲೋ ಪೀಣ್ಯದ ಮಹಡಿಯ ಕೋಣೆಯಲ್ಲೋ ಧ್ವನಿಮುದ್ರಣ ಸಾಧ್ಯ. ಅಲ್ಲಿನ ಮೊದಲ ಖರೀದಿ ಕಂಡೆನ್ಸರ್ ಮೈಕ್. ಹಲವರಿಗೆ ಮೊದಲ ನಿರಾಸೆಯೂ ಅದರಿಂದಲೇ.

ಇದರ ತೆಳುಪೊರೆ ಗಾಯಕರ ಉಸಿರನ್ನು ಹಿಡಿಯುವಷ್ಟೇ ನಿಷ್ಠೆಯಿಂದ ಪಕ್ಕದ ಷೆಡ್ಡಿನ ಲೇತ್ ಸದ್ದನ್ನೂ ಹಿಡಿಯುತ್ತದೆ. ಆದ್ದರಿಂದ ಕೊಳ್ಳುವ ಮುನ್ನ ಕೋಣೆಯನ್ನು ಆಲಿಸಬೇಕು.

ಹಾಡು, ವೀಣೆ, ಮೃದಂಗ ಎಲ್ಲಕ್ಕೂ ಒಂದೇ ಮೈಕ್ ಬೇಕೆನ್ನುವವರಿಗೆ ಸುಮಾರು ಒಂದು ಅಂಗುಲದ ದೊಡ್ಡ ಪೊರೆಯದೇ ಲೇಸು. 1967ರಲ್ಲಿ ಬಂದ ನಾಯ್‌ಮನ್ ಯು-87ರಂತೆ ಆಲಿಸುವ ದಿಕ್ಕನ್ನು ಬದಲಿಸುವ ಸೌಲಭ್ಯವಿದ್ದರೆ ಇನ್ನೂ ಒಳಿತು. ಮುಖ್ಯವಾಗಿ ಎದುರಿನ ಧ್ವನಿಯನ್ನು ಹಿಡಿಯುವ ಕಾರ್ಡಿಯಾಯ್ಡ್ ಒಬ್ಬ ಗಾಯಕರಿಗೆ ಸರಿ. ಎದುರುಬದುರು ಕುಳಿತ ಇಬ್ಬರಿಗೆ ಎಂಟರ ಆಕಾರದ್ದು. ಲಾರಿ, ಯಂತ್ರಗಳ ಗುಡುಗು ತಗ್ಗಿಸಲು ಲೋ-ಕಟ್ ಸ್ವಿಚ್ ಇರಲಿ. ಮೃದಂಗಕ್ಕೆ ಮಾತ್ರ ಅದನ್ನು ಬಳಸಬೇಡಿ, ಎಡಮುಖದ ಗುಂಕಾರವೇ ಸೊರಗೀತು! ಮೈಕಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಒದಗಿಸುವ ಇಂಟರ್‌ಫೇಸ್ ಕೂಡ ಬೇಕು.

ತನ್ನದೇ ಸದ್ದು ಅತಿ ಕಡಿಮೆಯಿರುವ ದುಬಾರಿ ಮೈಕ್ ಪೀಣ್ಯದ ಹಗಲಿಗೆ ವ್ಯರ್ಥ. ಆ ಹಣವನ್ನು ಮೊದಲು ಕಿಟಕಿಯ ಸಂದು ಮುಚ್ಚಲು, ದಪ್ಪ ಪರದೆಗೆ ವ್ಯಯಿಸಬಹುದು.