ಆಪರೇಷನ್ ಆಗಿ ತಿಂಗಳಾದ ಮೇಲೆ ಕೀವು ಬಂದರೆ

ಪಿತ್ತಕೋಶದ ಕಲ್ಲಿಗೋ ಹರ್ನಿಯಾಕ್ಕೋ ಕೀಹೋಲ್ ಆಪರೇಷನ್ ಮಾಡಿಸಿಕೊಂಡವರು ಈಗ ನಮ್ಮ ಮನೆಗಳಲ್ಲೂ ಇದ್ದಾರೆ. ಹಿರೇಹಳ್ಳಿ ಕಡೆ ದುಡಿಯುವವರು ತುಮಕೂರಿನಲ್ಲಿ ಆಪರೇಷನ್ ಮುಗಿಸಿ, ವಿಶ್ರಾಂತಿಗೆಂದು ಊರಿಗೆ ಬರುವುದುಂಟು. ಗಾಯ ಮಾಯಿತು ಅಂದುಕೊಂಡ ಮೂರ್ನಾಲ್ಕು ವಾರಕ್ಕೆ ಹೊಕ್ಕುಳ ಬಳಿಯ ತೂತಿನಲ್ಲಿ ಗಂಟು, ತೆಳ್ಳಗಿನ ಕೀವು. ಜ್ವರವಿಲ್ಲ. ಹಾಗಾಗಿ ಅರಿಶಿನ, ಎಣ್ಣೆ, ಮೆಡಿಕಲ್ ಶಾಪಿನ ಮಾತ್ರೆ ಅಂತ ನಾವು ದಿನ ದೂಡುತ್ತೇವೆ.

ಮೊದಲ ವಾರದಲ್ಲೇ ಕೆಂಪಾಗಿ ಊದುವ ಸೋಂಕು ಬೇರೆ. ಅದು ಹೆಚ್ಚಾಗಿ ಸಾಮಾನ್ಯ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ತಡವಾಗಿ ಬರುವುದಕ್ಕೆ ಅನೇಕ ಸಲ ಟಿಬಿ ರೋಗಾಣುವಿನ ಕುಟುಂಬದ್ದೇ ಆದ, ನೀರು–ಮಣ್ಣಿನಲ್ಲಿರುವ ಮೈಕೋಬ್ಯಾಕ್ಟೀರಿಯಾ ಕಾರಣ. ಸಲಕರಣೆಗಳನ್ನು ಗ್ಲುಟರಾಲ್ಡಿಹೈಡ್‌ನಲ್ಲಿ 20 ನಿಮಿಷ ಅದ್ದಿ ನಲ್ಲಿ ನೀರಲ್ಲಿ ತೊಳೆದರೆ ಇವು ಉಳಿದುಬಿಡಬಹುದು. ಪೂರ್ತಿ ಕ್ರಿಮಿಮುಕ್ತ ಆಗಬೇಕಾದರೆ ಅದೇ ದ್ರಾವಣದಲ್ಲಿ ಸುಮಾರು 10 ಗಂಟೆ ಬೇಕು. ಬಿಡಿಬಿಡಿಯಾಗಿ ಬಿಚ್ಚಿ, ಉಜ್ಜಿ ತೊಳೆದು, ಆಟೋಕ್ಲೇವ್ ಹಬೆಯಲ್ಲಿ ಇಡುವುದೇ ಒಳ್ಳೆಯದು. ‘ಆಟೋಕ್ಲೇವ್ ಮಾಡ್ತೀರಾ ಡಾಕ್ಟ್ರೇ?’ ಅಂತ ಆಪರೇಷನ್‌ಗೆ ಮೊದಲೇ ಕೇಳೋಣ. ಅವರಿಗೆ ಬೇಜಾರಾದರೂ ಚಿಂತೆಯಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಅದನ್ನೂ ಹತೋಟಿಗೆ ತಂದುಕೊಳ್ಳಬೇಕು.

ಕೀವು ಬಂದರೆ ಆಪರೇಷನ್ ಮಾಡಿದ ಸರ್ಜನ್‌ಗೇ ತೋರಿಸಿ. ಸಾಮಾನ್ಯ ಕಲ್ಚರ್‌ನಲ್ಲಿ ಏನೂ ಸಿಗದೆ ಹೋಗಬಹುದು. ಎಎಫ್‌ಬಿ ಪರೀಕ್ಷೆ, ಮೈಕೋಬ್ಯಾಕ್ಟೀರಿಯಾ ಕಲ್ಚರ್ ಎರಡನ್ನೂ ಕೇಳಿ. ಟಿಬಿ ಮಾತ್ರೆಗೆ ಇವು ಹೆಚ್ಚಾಗಿ ಜಗ್ಗುವುದಿಲ್ಲ. ಕ್ಲಾರಿಥ್ರೊಮೈಸಿನ್‌ನಂಥ ಔಷಧಗಳನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ, ಗಂಟು ಉಳಿದರೆ ಕತ್ತರಿಸಿ ತೆಗೆಯುತ್ತಾರೆ. ಕೀವು ನಿಂತಿತೆಂದು ಮಾತ್ರೆ ನಿಲ್ಲಿಸಬೇಡಿ. ಊರಿಗೆ ಬರುವಾಗ ಡಿಸ್ಚಾರ್ಜ್ ಕಾಗದ ಜೊತೆಗಿರಲಿ.