ಆಪರೇಷನ್‌ಗೆ ಮುನ್ನ ಎರಡು ವಾರ: ಮನೆಮಂದಿಯೆಲ್ಲ ಅರಿಯಬೇಕಾದ ದ್ರವಾಹಾರ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮೊದಲು ವೈದ್ಯರು ಹೇಳುವ ದ್ರವಾಹಾರ ಉಪವಾಸವಲ್ಲ, ಶಿಕ್ಷೆಯೂ ಅಲ್ಲ. ರೊಟ್ಟಿ-ಬೇಳೆಯ ನಾಡಾದ ಬಸವಕಲ್ಯಾಣ, ಹುಮನಾಬಾದ್‌ಗಳಲ್ಲಿ ಅದನ್ನು ಸುರಕ್ಷಿತವಾಗಿ ಪಾಲಿಸುವುದು ಹೇಗೆ?

ಪುಣೆ–ಹೈದರಾಬಾದ್ ನಡುವಿನ ರಾಷ್ಟ್ರೀಯ ಹೆದ್ದಾರಿ 65 ಬಸವಕಲ್ಯಾಣ ತಾಲ್ಲೂಕನ್ನು ದಾಟಿ ಹುಮನಾಬಾದ್ ಮೂಲಕ ಸಾಗುತ್ತದೆ. ದೊಡ್ಡ ದವಾಖಾನೆ ಎಂದರೆ ಈ ಭಾಗದವರು ಈ ಹೆದ್ದಾರಿ ಹಿಡಿದು ಒಂದೋ ಹೈದರಾಬಾದಿಗೆ, ಇಲ್ಲವೇ ಸೊಲ್ಲಾಪುರಕ್ಕೆ ಹೋಗುವುದು ಹಳೆಯ ರೂಢಿ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಪೂರ್ತಿಯಾದ ಮೇಲೆ ಹುಮನಾಬಾದಿನವರಿಗೆ ಕಲಬುರಗಿಯೂ ಹತ್ತಿರವಾಗಿದೆ. ಹೃದಯಕ್ಕೆ, ಮೂತ್ರಪಿಂಡಕ್ಕೆ, ಮಂಡಿಗೆ ಎಂದು ನಗರದ ಆಸ್ಪತ್ರೆಗೆ ಹೋಗುತ್ತಿದ್ದವರ ಸಾಲಿಗೆ ಈಗ ಬ್ಯಾರಿಯಾಟ್ರಿಕ್ ಸರ್ಜರಿಗೆ, ಅಂದರೆ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೋಗುವವರೂ ಸೇರಿದ್ದಾರೆ.

ಪರೀಕ್ಷೆಗಳು ಮುಗಿದು ತಾರೀಖು ಗೊತ್ತಾದ ಮೇಲೆ ವೈದ್ಯರು ಒಂದು ಮಾತು ಹೇಳಿ ಊರಿಗೆ ಕಳಿಸುತ್ತಾರೆ: ಇನ್ನು ಎರಡು ವಾರ ಬರೀ ದ್ರವಾಹಾರ. ಮನೆಗೆ ಬಂದು ಇದನ್ನು ಹೇಳಿದೊಡನೆ ಹಿರಿಯರು ಕೇಳುವ ಪ್ರಶ್ನೆ ಒಂದೇ. ‘ಊಟಾನೇ ಇಲ್ಲಂದ್ರ ಆಪರೇಷನ್ ತಡಕೊಳ್ಳೋ ತಾಕತ್ತು ಎಲ್ಲಿಂದ ಬರ್ತದ?’ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಸರಿಯಾದ ಉತ್ತರ ಸಿಗದಿದ್ದಾಗಲೇ ಪ್ರೀತಿಯಿಂದ ಒಂದು ರೊಟ್ಟಿ ಮುರಿದು ತಾಟಿಗೆ ಹಾಕುತ್ತಾರೆ.

ಲಿವರ್ ಯಾಕೆ ಕುಗ್ಗಬೇಕು?

ಉತ್ತರ ಇರುವುದು ಲಿವರ್‌ನಲ್ಲಿ. ಅದರ ಎಡಭಾಗ ಜಠರದ ಮೇಲ್ತುದಿಯನ್ನು ಮುಚ್ಚಿಕೊಂಡಿರುತ್ತದೆ. ಇಂದು ಈ ಶಸ್ತ್ರಚಿಕಿತ್ಸೆ ಬಹುಪಾಲು ಲ್ಯಾಪ್ರೊಸ್ಕೋಪಿಯಲ್ಲಿ, ಹೊಟ್ಟೆಯ ಮೇಲಿನ ಕೆಲವು ಸಣ್ಣ ರಂಧ್ರಗಳ ಮೂಲಕ ನಡೆಯುತ್ತದೆ. ಸ್ಲೀವ್ ವಿಧಾನದಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೋ ಅದಕ್ಕೂ ತುಸು ಹೆಚ್ಚನ್ನೋ ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್ ವಿಧಾನದಲ್ಲಿ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಲೀಟರಿನ ಪುಟ್ಟ ಚೀಲ ಮಾಡಿ ಅದನ್ನು ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ವೈದ್ಯರು ಲಿವರ್ ಅನ್ನು ಮೇಲೆತ್ತಿ ಹಿಡಿದೇ ಕೆಲಸ ಮಾಡಬೇಕು.

ತೂಕ ಬಹಳ ಇರುವವರ ಲಿವರ್‌ನಲ್ಲಿ ಸಾಮಾನ್ಯವಾಗಿ ಕೊಬ್ಬು ತುಂಬಿರುತ್ತದೆ. ಜೊತೆಗೆ ನಾವು ತಿನ್ನುವ ರೊಟ್ಟಿ, ಅನ್ನ, ಸಕ್ಕರೆಯ ಒಂದಂಶ ಗ್ಲೈಕೋಜನ್ ಆಗಿ ಅಲ್ಲಿ ಶೇಖರವಾಗುತ್ತದೆ. ಒಂದು ಗ್ರಾಂ ಗ್ಲೈಕೋಜನ್ ತನ್ನೊಂದಿಗೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ನೆನೆಹಾಕಿದ ಬೇಳೆಯಂತೆ ಅಂಗ ಉಬ್ಬಿರುತ್ತದೆ. ಅಂಥ ಲಿವರ್ ಎತ್ತಲು ಭಾರ, ತಾಗಿದರೆ ಹರಿದು ರಕ್ತ ಸುರಿಯುವ ಭಯ. ಹಿಟ್ಟು, ಸಕ್ಕರೆ ಕಡಿಮೆಯಾದರೆ ದೇಹ ಮೊದಲು ಈ ಗ್ಲೈಕೋಜನ್ ಕರಗಿಸಿಕೊಂಡು ನೀರನ್ನು ಹೊರಹಾಕುತ್ತದೆ, ಆಮೇಲೆ ಕೊಬ್ಬಿಗೆ ಕೈಹಾಕುತ್ತದೆ.

ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 32 ಜನರಿಗೆ 12 ವಾರ ಅತಿ ಕಡಿಮೆ ಕ್ಯಾಲೊರಿಯ ಆಹಾರ ಕೊಟ್ಟು, ಸ್ಕ್ಯಾನ್ ಮಾಡುತ್ತ ಲಿವರ್ ಅಳೆದರು. ಅದರ ಗಾತ್ರ ಸರಾಸರಿ ಶೇ 19ರ ಆಸುಪಾಸು ಇಳಿದಿತ್ತು. ಆ ಇಳಿಕೆಯಲ್ಲಿ ಶೇ 80ರಷ್ಟು ಆದದ್ದು ಮೊದಲ ಎರಡು ವಾರಗಳಲ್ಲೇ. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ 273 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾತ್ರ ಎರಡು ವಾರ ಇಂಥ ಆಹಾರ ಕೊಟ್ಟಿತು. ಶಸ್ತ್ರಚಿಕಿತ್ಸೆಗೆ ಹಿಡಿದ ಸಮಯ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಆದರೆ ಪಥ್ಯ ಮಾಡಿದವರಲ್ಲಿ ವೈದ್ಯರಿಗೆ ಕೆಲಸ ಸಲೀಸಾಯಿತು. ನಂತರದ 30 ದಿನಗಳ ತೊಡಕುಗಳು ಪಥ್ಯವಿಲ್ಲದ ಗುಂಪಿನಲ್ಲಿ 18, ಪಥ್ಯದ ಗುಂಪಿನಲ್ಲಿ 8.

ಹಿರಿಯರ ಪ್ರಶ್ನೆಗೆ ಇದೇ ಉತ್ತರ. ತಾಕತ್ತು ದೇಹದಲ್ಲಿ ಆಗಲೇ ಶೇಖರವಾಗಿ ಕೂತಿದೆ. ಹೊರಗಿನಿಂದ ಬೇಕಾದದ್ದು ಪ್ರೋಟೀನ್, ನೀರು, ಲವಣ, ಜೀವಸತ್ವ. ಈ ಎರಡು ವಾರದ ಕೆಲಸವನ್ನು ಯಾವ ಸರ್ಜನ್ನೂ ರೋಗಿಯ ಬದಲಿಗೆ ಮಾಡಿಕೊಡಲಾರರು.

ಲೋಟದಲ್ಲಿ ಏನಿರಬೇಕು?

ಸಾಮಾನ್ಯವಾಗಿ ದಿನಕ್ಕೆ 800ರಿಂದ 1,200 ಕ್ಯಾಲೊರಿ, 60ರಿಂದ 80 ಗ್ರಾಂ ಪ್ರೋಟೀನ್, ಎರಡು ಲೀಟರಿಗೆ ಕಡಿಮೆಯಿಲ್ಲದಷ್ಟು ನೀರು ಹಾಗೂ ಇತರ ಪಾನೀಯ ಎಂಬುದು ಲೆಕ್ಕ. ಕೆಲವು ವೈದ್ಯರು ಒಂದೇ ವಾರ ಸಾಕೆನ್ನುತ್ತಾರೆ, ಕೆಲವರು ಒಂದು ಹೊತ್ತು ಬೇಯಿಸಿದ ತರಕಾರಿಗೆ ಒಪ್ಪುತ್ತಾರೆ. ಮೂತ್ರಪಿಂಡ ಅಥವಾ ಹೃದಯದ ತೊಂದರೆ ಇದ್ದವರಿಗೆ ಪ್ರೋಟೀನ್ ಮತ್ತು ನೀರಿನ ಅಳತೆಯೇ ಬೇರೆ. ನೆರೆಮನೆಯವರು ಮಾಡಿದ ಪಥ್ಯ ನಿಮಗೆ ಸಲ್ಲಬೇಕೆಂದಿಲ್ಲ.

ಬೀದರ್ ಜಿಲ್ಲೆ ಬೇಳೆಕಾಳುಗಳ ಕಣಜ. ಹೆಸರು, ಉದ್ದು, ತೊಗರಿ, ಕಡಲೆ ಎಲ್ಲವೂ ಇಲ್ಲಿ ಬೆಳೆಯುತ್ತವೆ. ಹಾಗಾಗಿ ದ್ರವಾಹಾರ ಎಂದೊಡನೆ ಬೇಳೆಕಟ್ಟು ನೆನಪಾಗುವುದು ಸಹಜ, ಒಳ್ಳೆಯದೂ ಹೌದು. ಆದರೆ ಸೋಸಿದ ತಿಳಿಕಟ್ಟಿನಲ್ಲಿ ಪ್ರೋಟೀನ್ ಬಹಳ ಕಡಿಮೆ, ಅದು ಬೇಳೆಯಲ್ಲೇ ಉಳಿದಿರುತ್ತದೆ. 30 ಗ್ರಾಂ ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ, ಪೂರ್ತಿ ಅರೆದು ತೆಳ್ಳಗೆ ಮಾಡಿದರೆ ಸುಮಾರು 7 ಗ್ರಾಂ ಸಿಗುತ್ತದೆ. ಹಾಗೆ ಅರೆದದ್ದು ನಡೆಯುತ್ತದೆಯೇ, ಸೋಸಿದ್ದೇ ಆಗಬೇಕೇ ಎಂದು ಆಸ್ಪತ್ರೆಯ ಆಹಾರತಜ್ಞರನ್ನು ಕೇಳಬೇಕು. ಕೆನೆ ತೆಗೆದ ಒಂದು ಲೀಟರ್ ಹಾಲಿನಲ್ಲಿ ಸುಮಾರು 34 ಗ್ರಾಂ ಪ್ರೋಟೀನ್, 350ರ ಆಸುಪಾಸು ಕ್ಯಾಲೊರಿ ಇರುತ್ತದೆ. ನೀರು ಹೆಚ್ಚು ಬೆರೆಸಿದ ಮಜ್ಜಿಗೆ ಬಾಯಾರಿಕೆಗೆ ಚೆನ್ನ, ಪ್ರೋಟೀನಿಗೆ ಸಾಲದು. ಎಲ್ಲ ಕೂಡಿಸಿದರೂ ಅಳತೆ ಮುಟ್ಟುವುದು ಕಷ್ಟವಾದ್ದರಿಂದಲೇ ವೈದ್ಯರು ಪ್ರೋಟೀನ್ ಪುಡಿ ಬರೆದುಕೊಡುತ್ತಾರೆ. ‘ಪುಡಿ ಎಲ್ಲ ಬ್ಯಾಡ, ಮನೀದೇ ಛಲೋ’ ಎಂದು ಅದನ್ನು ಬಿಟ್ಟರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ.

ರುಚಿ ಬಿಡಬೇಕಿಲ್ಲ. 12ನೇ ಶತಮಾನದಲ್ಲಿ ಇದೇ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗದ ಜೊತೆಗೆ ಪಾನೀಯಭೋಗವನ್ನೂ ಬೇರೆಯಾಗಿಯೇ ವಿವರಿಸಿದ. ಕುಡಿಯುವುದನ್ನೂ ಊಟದಷ್ಟೇ ಗೌರವದಿಂದ ಕಂಡ ನೆಲ ಇದು. ಜೀರಿಗೆ, ಹಸಿಶುಂಠಿ, ಕೊತ್ತಂಬರಿ, ಕರಿಬೇವು ಹಾಕಿ ಸೋಸಿದ ಮಜ್ಜಿಗೆ, ಮೆಣಸಿನ ಘಮದ ತರಕಾರಿ ಸಾರು, ಮಾಂಸ ತಿನ್ನುವವರಿಗೆ ಜಿಡ್ಡು ತೆಗೆದ ಕೋಳಿಯ ಸೂಪು ದಿನಕ್ಕೊಂದು ರುಚಿ ಕೊಡುತ್ತವೆ. ಉಪ್ಪು ಎಷ್ಟೆಂಬುದನ್ನು ಮಾತ್ರ ಬಿಪಿ ಇರುವವರು ಕೇಳಿಕೊಳ್ಳಬೇಕು.

ದ್ರವವೆಲ್ಲ ಪಥ್ಯವಲ್ಲ

ಹೆಚ್ಚಿನವರು ಎಡವುವುದು ಇಲ್ಲಿ. ಈ ಸೀಮೆ ಕಬ್ಬಿನದು. ಕಬ್ಬಿನ ಹಾಲು ದ್ರವವೇ, ಆದರೆ ಒಂದು ದೊಡ್ಡ ಗ್ಲಾಸಿನಲ್ಲಿ 30 ಗ್ರಾಮಿನಷ್ಟು ಸಕ್ಕರೆ ಇರುತ್ತದೆ. ಎಳ್ಳಮಾವಾಸ್ಯೆಯಲ್ಲಿ ಭಜ್ಜಿಯ ಜೊತೆ ಹೊಲದಲ್ಲಿ ಕುಡಿಯುವ ಜೋಳದ ಅಂಬಲಿ ತಂಪಾದ, ಒಳ್ಳೆಯ ಆಹಾರ. ಆದರೆ ಅದು ಹಿಟ್ಟು, ಲಿವರ್‌ನಲ್ಲಿ ಮತ್ತೆ ಗ್ಲೈಕೋಜನ್ ತುಂಬುತ್ತದೆ. ಅಕ್ಕಿ ಗಂಜಿ, ಸಾಬೂದಾಣಿ ಗಂಜಿ, ಹಣ್ಣಿನ ರಸ, ಬೆಲ್ಲದ ಪಾನಕ, ಸಕ್ಕರೆ ಹಾಕಿದ ಚಹಾ, ತಂಪು ಪಾನೀಯ ಎಲ್ಲವೂ ಇದೇ ಸಾಲಿಗೆ ಸೇರುತ್ತವೆ. ದಿನಕ್ಕೆ ಐದಾರು ಬಾರಿ ಸಿಹಿ ಚಹಾ ಕುಡಿಯುವವರಿಗೆ ಎಲ್ಲಕ್ಕಿಂತ ಕಷ್ಟವಾಗುವುದು ಅದೇ. ಪಥ್ಯ ಶುರುವಾಗುವ ವಾರ ಮೊದಲೇ ಸಕ್ಕರೆ ಇಳಿಸುತ್ತ ಬಂದರೆ ಆ ಕಷ್ಟ ಅರ್ಧವಾಗುತ್ತದೆ. ‘ಇನ್ನು ಸಿಗೋದಿಲ್ಲ’ ಎಂದು ಹಿಂದಿನ ದಿನ ಹೋಳಿಗೆ, ಬಿರಿಯಾನಿಯ ಭೂರಿ ಊಟ ಮಾಡಿದರೆ ಅದು ದುಪ್ಪಟ್ಟಾಗುತ್ತದೆ.

ಮಾತ್ರೆಯ ಮಾತು ಮರೆಯಬೇಡಿ

ಇಡೀ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಈ ಶಸ್ತ್ರಚಿಕಿತ್ಸೆಗೆ ಹೋಗುವ ಅನೇಕರಿಗೆ ಸಕ್ಕರೆ ಕಾಯಿಲೆಯೂ ಇರುತ್ತದೆ. ಊಟ ಅರ್ಧಕ್ಕಿಂತ ಕೆಳಗಿಳಿದು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಮೊದಲಿನಷ್ಟೇ ತೆಗೆದುಕೊಂಡರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಬಗೆಯ ಮಾತ್ರೆಗಳದ್ದು ಇನ್ನೊಂದು ಅಪಾಯ: ಹಿಟ್ಟಿಲ್ಲದ ಆಹಾರದ ಜೊತೆ ಅವು ಸೇರಿದಾಗ, ಸಕ್ಕರೆ ಅಷ್ಟೇನೂ ಏರದಿದ್ದರೂ ರಕ್ತದಲ್ಲಿ ಆಮ್ಲ ಹೆಚ್ಚುವ ಕೀಟೊಅಸಿಡೋಸಿಸ್ ಬರಬಹುದು. ಈ ಮಾತ್ರೆಗಳನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಿಸುವುದು ಕ್ರಮ. ದ್ರವಾಹಾರ ಶುರುವಾದಾಗಲೇ ನಿಲ್ಲಿಸಬೇಕೇ ಎಂಬುದನ್ನು ವೈದ್ಯರು ಹೇಳಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಗಳನ್ನೂ ಮರುಪರಿಶೀಲಿಸಬೇಕು, ಅದರಲ್ಲೂ ಇಲ್ಲಿನ ಬೇಸಿಗೆಯಲ್ಲಿ.

ಇದ್ಯಾವುದನ್ನೂ ಸ್ವಂತ ನಿರ್ಧಾರದಿಂದ ಬಿಡಬಾರದು. ಊರಿನ ವೈದ್ಯರು ಬರೆದುಕೊಟ್ಟ ಎಲ್ಲ ಮಾತ್ರೆಯ ಪಟ್ಟಿಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಸರ್ಜನ್ ಮುಂದೆ ಸುರಿದು, ಯಾವುದು ಎಷ್ಟು ಎಂದು ಬರೆಸಿಕೊಂಡೇ ಬರಬೇಕು. ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಬೇಕು. ಅದು ಜಠರ ಖಾಲಿಯಾಗುವುದನ್ನು ತಡಮಾಡುವುದರಿಂದ ಅರಿವಳಿಕೆ ವೈದ್ಯರಿಗೆ ಗೊತ್ತಿರಲೇಬೇಕು. ಮನೆಯಲ್ಲಿ ಗ್ಲುಕೋಮೀಟರ್ ಇರಲಿ. ಸಕ್ಕರೆ 70ಕ್ಕಿಂತ ಕೆಳಗಿಳಿದು ಮೈ ನಡುಗಿ ಬೆವರಿದರೆ ಆ ಗಳಿಗೆಯಲ್ಲಿ ಪಥ್ಯ ನೋಡಬಾರದು, ತಕ್ಷಣ ಗ್ಲೂಕೋಸ್ ಅಥವಾ ಸಕ್ಕರೆ ನೀರು ಕುಡಿಸಿ ವೈದ್ಯರಿಗೆ ಫೋನ್ ಮಾಡಬೇಕು. ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ, ಮಂಪರು ಕವಿದರೆ ಹೈದರಾಬಾದಿನ ತಾರೀಖಿಗೆ ಕಾಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೊದಲ ನಾಲ್ಕು ದಿನ

ಎರಡನೆಯ ದಿನದಿಂದ ನಾಲ್ಕನೆಯ ದಿನದವರೆಗೆ ತಲೆನೋವು, ಸುಸ್ತು, ಸಿಡುಕು, ಬಾಯಿವಾಸನೆ ಸಾಮಾನ್ಯ. ದೇಹ ಸಕ್ಕರೆಯನ್ನು ಬಿಟ್ಟು ಕೊಬ್ಬನ್ನು ಉರಿಸಲು ಹೊರಳುತ್ತಿರುವ ಸಮಯ ಅದು. ನೀರು ಸಾಕಷ್ಟು ಕುಡಿದರೆ ಹೆಚ್ಚಿನವರಿಗೆ ವಾರದೊಳಗೆ ಇಳಿಯುತ್ತದೆ. ಮಲಬದ್ಧತೆಗೆ ಏನು ತೆಗೆದುಕೊಳ್ಳಬೇಕೆಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಸೋತು ಏನಾದರೂ ತಿಂದುಬಿಟ್ಟರೆ ಆಸ್ಪತ್ರೆಯವರಿಗೆ ಹೇಳಿಬಿಡಿ, ಮುಂದಿನ ಲೋಟದಿಂದ ಮತ್ತೆ ಪಥ್ಯಕ್ಕೆ ಮರಳಿ. ಮುಚ್ಚಿಟ್ಟರೆ ಅಪಾಯ ಬೀಳುವುದು ಮೇಜಿನ ಮೇಲೆ ಮಲಗುವ ನಿಮಗೇ. ಲಿವರ್ ದೊಡ್ಡದೇ ಉಳಿದಿದ್ದರೆ ಶಸ್ತ್ರಚಿಕಿತ್ಸೆಯನ್ನು ಮುಂದೂಡಬೇಕಾಗಿಯೂ ಬರಬಹುದು.

ಒಲೆಯ ಮುಂದೆ ಯಾರು?

ನನ್ನ ಮನಸ್ಸಿಗೆ ಎಲ್ಲಕ್ಕಿಂತ ತಾಗುವುದು ಈ ಮಾತು. ನಮ್ಮ ಮನೆಗಳಲ್ಲಿ ಪಥ್ಯ ಗಂಡಸಿಗೆ ಬಂದರೆ ಮನೆಯೆಲ್ಲ ಎಚ್ಚರವಾಗುತ್ತದೆ. ಹೊತ್ತಿಗೆ ಸರಿಯಾಗಿ ಲೋಟ ಕೈಗೆ ಬರುತ್ತದೆ. ಅದೇ ಪಥ್ಯ ಹೆಂಗಸಿಗೆ ಬಂದರೆ ಅವಳು ಬರೀ ಮಜ್ಜಿಗೆ ಕುಡಿದು, ಎಂಟು ಜನರಿಗೆ ರೊಟ್ಟಿ ಬಡಿಯಬೇಕು, ಒಗ್ಗರಣೆಯ ಘಮದಲ್ಲೇ ನಿಂತು ಉಪ್ಪು-ಖಾರ ನೋಡಬೇಕು. ಹಸಿದವಳನ್ನು ಒಲೆಯ ಮುಂದೆ ನಿಲ್ಲಿಸಿ ಮನೋಬಲ ಸಾಲದೆನ್ನುವುದು ಅನ್ಯಾಯ. ಆ ಎರಡು ವಾರ ಹೆಂಚು, ಹಿಟ್ಟು ಬೇರೆಯವರ ಕೈಗೆ ಹೋಗಬೇಕು. ಹುಮನಾಬಾದಿನಲ್ಲೂ ಕಲ್ಯಾಣದಲ್ಲೂ ಕಟಕ್ ರೊಟ್ಟಿ ಕೊಳ್ಳಲು ಸಿಗುತ್ತದೆ. ಮಗ ಬೇಳೆ ಬೇಯಿಸುವುದನ್ನು ಕಲಿತರೆ ಮನೆಯ ಮಾನವೇನೂ ಹೋಗದು.

ತಾರೀಖು ಗೊತ್ತುಮಾಡುವಾಗಲೂ ಮನೆಯವರು ಯೋಚಿಸಬೇಕು. ವೀರಭದ್ರೇಶ್ವರ ಜಾತ್ರೆ, ರಂಜಾನ್, ಮನೆಯ ಮದುವೆ ಈ ಎರಡು ವಾರಗಳ ನಡುವೆ ಬಾರದಂತೆ ನೋಡಿಕೊಳ್ಳಿ. ಸಕ್ಕರೆ ಕಾಯಿಲೆ ಇರುವವರು ಈ ಪಥ್ಯದ ಜೊತೆ ರೋಜಾ ಇಲ್ಲವೇ ನಿರಾಹಾರ ವ್ರತ ಹಿಡಿಯುವುದು ಅಪಾಯ.

‘ತಿಂದು ತಿಂದು ಬೆಳೆಸ್ಕೊಂಡ್ರು, ಈಗ ಕೊಯ್ಸ್ಕೊಳಾಕ ಹೊಂಟಾರ’ ಎಂಬ ಮಾತೂ ನಿಲ್ಲಬೇಕು. ಬೊಜ್ಜು ದೀರ್ಘಕಾಲದ ಕಾಯಿಲೆ. ಹುಟ್ಟುಗುಣ, ಹಾರ್ಮೋನು, ನಿದ್ದೆ, ದುಡಿಮೆ, ಕೆಲವು ಔಷಧಿಗಳು ಎಲ್ಲವೂ ಅದರಲ್ಲಿ ಸೇರಿವೆ. ಆರೋಗ್ಯ ವಿಮೆಯ ನಿಯಮಗಳೂ ಇದನ್ನು ಚಿಕಿತ್ಸೆಯೆಂದೇ ಒಪ್ಪಿವೆ. ಇತರ ಪ್ರಯತ್ನಗಳು ಫಲಿಸದಿದ್ದರೆ, 18 ತುಂಬಿದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 40 ಅಥವಾ ಅದಕ್ಕೂ ಹೆಚ್ಚಿದ್ದಾಗ, ಇಲ್ಲವೇ 35 ಅಥವಾ ಅದಕ್ಕೂ ಹೆಚ್ಚಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಯಂಥವು ಜೊತೆಗಿದ್ದಾಗ, ವೈದ್ಯರ ಸಲಹೆಯ ಮೇಲೆ ವಿಮೆಗೆ ಅವಕಾಶವಿದೆ.

ಆಸ್ಪತ್ರೆಗಳಿಗೂ ಒಂದು ಬೇಡಿಕೆ. ಈ ಗಡಿಜಿಲ್ಲೆಯ ರೋಗಿಗೆ ಕನ್ನಡ, ಉರ್ದು, ಮರಾಠಿಯಲ್ಲಿ ಪಥ್ಯದ ಹಾಳೆ ಕೊಡಿ. ಔನ್ಸ್, ಸ್ಕೂಪ್ ಬದಲು ಲೋಟ, ವಾಟಿ, ಚಮಚದ ಅಳತೆ ಬರೆಯಿರಿ. ಅಂಬಲಿ, ಕಬ್ಬಿನ ಹಾಲು, ಬೇಳೆಕಟ್ಟುಗಳ ಹೆಸರು ಹಿಡಿದು ಯಾವುದು ಹೌದು, ಯಾವುದು ಅಲ್ಲ ಎಂದು ಹೇಳಿ. ರಾತ್ರಿ ಸಕ್ಕರೆ ಕುಸಿದಾಗ ಎತ್ತಿ ಮಾತಾಡುವವರ ಫೋನ್ ನಂಬರು ಅದರಲ್ಲಿರಲಿ. ಶಸ್ತ್ರಚಿಕಿತ್ಸೆಯ ನಂತರವೂ ಮೊದಲು ದ್ರವ, ಆಮೇಲೆ ಅರೆದದ್ದು, ಮೆತ್ತಗಿನದು ಎಂದು ಮತ್ತೆ ಹಂತಹಂತವಾಗಿ ಏರಬೇಕು. ವಿಟಮಿನ್ ಮಾತ್ರೆ ಜೀವನಪೂರ್ತಿ ಬೇಕು. ಗುಟುಕು ಗುಟುಕಾಗಿ ಕುಡಿಯುವುದು, ಅಳೆದು ಬಡಿಸಿಕೊಳ್ಳುವುದು, ಬೇಡವೆನ್ನುವುದು ಈ ಎರಡು ವಾರದಲ್ಲಿ ಕಲಿತರೆ ಮುಂದಿನ ವರ್ಷಗಳಿಗೂ ಬರುತ್ತದೆ. ಕಲಿಯುವುದು ರೋಗಿಯೊಬ್ಬರೇ ಅಲ್ಲ, ಮನೆಮಂದಿಯೆಲ್ಲ ಕಲಿಯಬೇಕು.