ಕೆಜಿಎಫ್‌ಗೆ ಬಾರದ ಅಣುತ್ಯಾಜ್ಯ, ಬಿಟ್ಟುಹೋಗದ ಧೂಳು

2012ರ ನವೆಂಬರಿನಲ್ಲಿ ಕೆಜಿಎಫ್‌ನ ಜನ ಬೀದಿಗಿಳಿದರು. ಕೂಡಂಕುಳಂ ಅಣುಸ್ಥಾವರದ ತ್ಯಾಜ್ಯವನ್ನು ಇಲ್ಲಿನ ಮುಚ್ಚಿದ ಚಿನ್ನದ ಗಣಿಯೊಳಗೆ ಇಡಬಹುದೆಂಬ ಮಾತು ಕೇಂದ್ರದ ಕಡೆಯಿಂದ ಸುಪ್ರೀಂ ಕೋರ್ಟಿನಲ್ಲಿ ಕೇಳಿಬಂದಿತ್ತು. ಪ್ರತಿಭಟನೆ ಜೋರಾಯಿತು. ಕೆಲವೇ ದಿನಗಳಲ್ಲಿ, ಅಂಥ ಯೋಜನೆಯೇ ಇಲ್ಲ ಎಂಬ ಸ್ಪಷ್ಟನೆ ಹೊರಬಿತ್ತು.

ಹಾಗೆಂದು ಗಣಿಯ ಹೆಸರು ಸುಮ್ಮನೆ ಬಂದದ್ದಲ್ಲ. 1980ರ ದಶಕದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರು ಇಲ್ಲಿ ಸುಮಾರು ಒಂದು ಕಿಲೋಮೀಟರ್ ಆಳದಲ್ಲಿ ವಿದ್ಯುತ್ ಹೀಟರುಗಳನ್ನಿಟ್ಟು, ತ್ಯಾಜ್ಯದ ಶಾಖಕ್ಕೆ ಬಂಡೆ ಹೇಗೆ ವರ್ತಿಸುತ್ತದೆಂದು ವರ್ಷಗಟ್ಟಲೆ ಅಳೆದಿದ್ದರು. ಅಲ್ಲಿದ್ದದ್ದು ಹೀಟರು ಮಾತ್ರ, ತ್ಯಾಜ್ಯವಲ್ಲ. ಆದರೆ ಇದನ್ನು ಊರಿನವರಿಗೆ ಬಿಡಿಸಿ ಹೇಳುವ ತಾಳ್ಮೆಯನ್ನು ಯಾರೂ ತೋರಲಿಲ್ಲ. ಭಯಕ್ಕೆ ಅರ್ಧ ಕಾರಣ ಅದೇ.

ವಿಕಿರಣ ಊರೊಳಗೆ ಬಂದರೆ ಏನಾಗುತ್ತದೆ? ಇದಕ್ಕೆ ಜಗತ್ತು ಕಂಡ ಪಾಠ ಬ್ರೆಜಿಲ್‌ನ ಗೊಯಾನಿಯಾ. 1987ರಲ್ಲಿ ಪಾಳುಬಿದ್ದ ಆಸ್ಪತ್ರೆಯಿಂದ ಕದ್ದ ಚಿಕಿತ್ಸಾ ಯಂತ್ರ ಗುಜರಿ ಸೇರಿತು. ಅದರೊಳಗಿನ ಹೊಳೆಯುವ, ವಿಕಿರಣ ಸೂಸುವ ಸೀಸಿಯಂ ಪುಡಿಯನ್ನು ಜನ ಕೈಯಿಂದ ಕೈಗೆ ಹಂಚಿಕೊಂಡರು. ನಾಲ್ವರು ಸತ್ತರು, 1,12,000 ಜನರ ತಪಾಸಣೆಯಲ್ಲಿ 249 ಮಂದಿಗೆ ಅದು ಅಂಟಿದ್ದು ಗೊತ್ತಾಯಿತು. ಏಳು ಮನೆಗಳನ್ನು ಕೆಡವಬೇಕಾಯಿತು. ನಮ್ಮಲ್ಲೂ 2010ರಲ್ಲಿ ದೆಹಲಿ ವಿಶ್ವವಿದ್ಯಾಲಯ ಹರಾಜು ಹಾಕಿದ ಹಳೆಯ ಯಂತ್ರವೊಂದು ಅಲ್ಲಿನ ಮಾಯಾಪುರಿಯ ಗುಜರಿ ಅಂಗಡಿಗಳಿಗೆ ವಿಕಿರಣ ಸೂಸುವ ಕೋಬಾಲ್ಟ್ ಹೊತ್ತು ತಂದು ಒಬ್ಬ ಕಾರ್ಮಿಕನ ಜೀವ ತೆಗೆಯಿತು.

ಇಂಥ ಊರನ್ನು ತೊಳೆಯುವುದೆಂದರೆ ನೀರು ಹೊಯ್ಯುವುದಲ್ಲ. ವಿಕಿರಣ ಎಲ್ಲಿ ಎಷ್ಟು ಕೂತಿದೆ, ಯಾರಿಗೆ ಎಷ್ಟು ತಗಲುತ್ತದೆ ಎಂದು ಮೊದಲು ಲೆಕ್ಕ ಹಾಕಬೇಕು. ಗಾಳಿಯಲ್ಲಿ ಬಂದ ಕಣಗಳು ಒಣ ಹವೆಯಲ್ಲಿ ಮರದೆಲೆ, ಹುಲ್ಲಿನ ಮೇಲೆ ಹೆಚ್ಚು ಕೂರುತ್ತವೆ. ಮಳೆ ಬಂದರೆ ಹೆಚ್ಚಿನದು ನೆಲಕ್ಕೆ, ಚಾವಣಿಗೆ ಇಳಿಯುತ್ತದೆ. ರಸ್ತೆಯ ಮೇಲಿನದು ವಾಹನ, ಮಳೆಗೆ ಬೇಗ ತೊಳೆದುಹೋಗುತ್ತದೆ, ಹೋಗಿ ಚರಂಡಿಯ ಹೂಳಿನಲ್ಲಿ ಕೂರುತ್ತದೆ. ಹೆಂಚು ಸೀಸಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಗೋಡೆಗೆ ಬೀಳುವುದು ತೀರ ಕಡಿಮೆ. ಜನರಿಗೆ ತಗಲುವ ವಿಕಿರಣದಲ್ಲಿ ಮನೆಯ ಸುತ್ತಲಿನ ಮಣ್ಣಿನ ಪಾಲೇ ಬಹಳ ಕಾಲ ದೊಡ್ಡದು. ಅಣು ದುರಂತದ ಬಳಿಕ ಜಪಾನಿನ ಫುಕುಶಿಮಾದ ಸುತ್ತ ಮೇಲಿನ ಸುಮಾರು ಐದು ಸೆಂಟಿಮೀಟರ್ ಮಣ್ಣನ್ನು ಕೆರೆದು ತೆಗೆದದ್ದು ಅದಕ್ಕೇ. ಕೆರೆದ ಮಣ್ಣು ಎಲ್ಲಿಗೆ ಹೋಗಬೇಕು ಎಂಬುದು ಮಾತ್ರ ಪ್ರತಿ ಊರಿಗೂ ಹೊಸ ತಲೆನೋವು.

ಈ ಲೆಕ್ಕದಲ್ಲಿ ಜನರ ದಿನಚರಿಯೂ ಸೇರುತ್ತದೆ. ಮಾರಿಕುಪ್ಪಂ ರೈಲು ಹಿಡಿದು ಬಂಗಾರಪೇಟೆಯ ಮೂಲಕ ದಿನವೂ ಬೆಂಗಳೂರಿಗೆ ದುಡಿಯಲು ಹೋಗುವವರಿಗೂ, ಗಣಿಯ ಲೈನ್ ಮನೆಯಲ್ಲೇ ದಿನವಿಡೀ ಇರುವ ಅಜ್ಜಿಗೂ ಒಂದೇ ಪ್ರಮಾಣದ ವಿಕಿರಣ ತಗಲುವುದಿಲ್ಲ. ಅಂಗಳದ ಮಣ್ಣಿನಲ್ಲಿ ಆಡುವ ಮಗುವಿನದು ಮತ್ತೊಂದು ಲೆಕ್ಕ.

ಇದೇ ಲೆಕ್ಕ ಕೆಜಿಎಫ್‌ಗೆ ಈಗಲೇ ಬೇಕಾಗಿದೆ, ಬೇರೆ ಧೂಳಿಗಾಗಿ. 120 ವರ್ಷ ಅದಿರು ಪುಡಿಮಾಡಿ, ಸೈನೈಡ್ ಬೆರೆಸಿ ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನಂಥ ಹುಡಿ ಊರ ನಡುವೆ ಗುಡ್ಡಗಳಾಗಿ ನಿಂತಿದೆ. ಮೂರು ಕೋಟಿ ಟನ್‌ಗೂ ಮಿಕ್ಕಿ ಇದೆ. ಜನ ಅದನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು, ಗುಡ್ಡಗಳು ಉಳಿದವು. ಗಾಳಿಗಾಲದಲ್ಲಿ ಅವುಗಳ ಬಿಳಿ ಧೂಳು ಮನೆಯೊಳಗೆ ನುಗ್ಗುತ್ತದೆ. ಅದರಲ್ಲಿ ಸಿಲಿಕಾ ಇದೆ. ಸಿಲಿಕಾ ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಸಿಲಿಕೋಸಿಸ್‌ನಿಂದ ನರಳಿದ ಗಣಿ ಕಾರ್ಮಿಕರ ಮನೆಗಳಿಗೆ ಹೇಳಿಕೊಡಬೇಕಿಲ್ಲ. ಒಂದು ತ್ಯಾಜ್ಯವನ್ನು ಹೀಗೆ ಬಿಟ್ಟುಹೋದವರು ಇನ್ನೊಂದನ್ನು ಜೋಪಾನವಾಗಿ ಕಾಯುತ್ತಾರೆಂದು 2012ರಲ್ಲಿ ಜನ ನಂಬದೆ ಹೋದದ್ದು ಅಜ್ಞಾನವಲ್ಲ, ಅನುಭವ.

ಇಲ್ಲಿ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ. ಆಂಡರ್ಸನ್‌ಪೇಟೆ, ಚಾಂಪಿಯನ್ ರೀಫ್, ಮಾರಿಕುಪ್ಪಂಗಳಲ್ಲಿ ಧೂಳು ಅಳೆಯುವ ಯಂತ್ರಗಳನ್ನಿಟ್ಟು, ಯಾವ ತಿಂಗಳು ಯಾವ ಬೀದಿಗೆ ಎಷ್ಟು ಬೀಳುತ್ತದೆಂಬ ನಕ್ಷೆ ಬರೆಯಬಹುದು. ಗುಡ್ಡದ ಯಾವ ಮಗ್ಗುಲಿಗೆ ಮೊದಲು ಮಣ್ಣು ಹೊದಿಸಿ ಹುಲ್ಲು ಹಬ್ಬಿಸಬೇಕೆಂದು ಆ ನಕ್ಷೆ ಹೇಳುತ್ತದೆ.